ಕೊಡುವ ಸಮಿತಿಯಲ್ಲಿ ಯಾರು ಕೂರಬೇಕು?



ದಕ್ಷಿಣ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯದ ಎದುರಿಗೆ ಈಗ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಇರುವ ಕಟ್ಟಡ ಹಿಂದೆ ಕಾವಸಜಿ ಜಹಾಂಗೀರ್ ಹಾಲ್ ಆಗಿತ್ತು. 1932ರ ಸೆಪ್ಟೆಂಬರ್ 30ರಂದು ಅಲ್ಲಿ ಮದನಮೋಹನ ಮಾಲವೀಯರ ಅಧ್ಯಕ್ಷತೆಯಲ್ಲಿ ಒಂದು ಸಭೆ ಸೇರಿತು. ಅಸ್ಪೃಶ್ಯರ ಪ್ರಾತಿನಿಧ್ಯ ಕುರಿತ ಪುಣೆ ಒಪ್ಪಂದಕ್ಕೆ ಸಹಿ ಬಿದ್ದು ಇನ್ನೂ ವಾರ ತುಂಬಿರಲಿಲ್ಲ. ಅಸ್ಪೃಶ್ಯತೆಯನ್ನು ತೊಡೆದುಹಾಕಲು ಹಣ ಕೂಡಿಸಿ ಕೆಲಸ ಮಾಡುವ ಒಂದು ಸಂಘ ಆ ಸಭೆಯಲ್ಲಿ ಹುಟ್ಟಿತು. ಮುಂದೆ ಹರಿಜನ ಸೇವಕ ಸಂಘ ಎಂದು ಹೆಸರಾದದ್ದು ಇದೇ. ಘನಶ್ಯಾಮದಾಸ ಬಿರ್ಲಾ ಅಧ್ಯಕ್ಷರು, ಠಕ್ಕರ್ ಬಾಪಾ ಕಾರ್ಯದರ್ಶಿ. ಕೇಂದ್ರ ಮಂಡಳಿಯಲ್ಲಿ ಡಾಕ್ಟರ್ ಅಂಬೇಡ್ಕರರ ಹೆಸರೂ ಇತ್ತು.

ಮುಂದಿನ ತಿಂಗಳುಗಳಲ್ಲಿ ನಡೆದದ್ದನ್ನು ನಾವು ಶಾಲೆಯಲ್ಲಿ ಓದಲಿಲ್ಲ. ನವೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೊರಟ ಅಂಬೇಡ್ಕರರು ಹಡಗಿನಲ್ಲೇ ಕೂತು ಠಕ್ಕರರಿಗೆ ದೀರ್ಘವಾದ ಕಾಗದ ಬರೆದರು. ಯಾರೋ ಕೆಲವು ಹುಡುಗರಿಗೆ ವಿದ್ಯಾರ್ಥಿವೇತನ ಕೊಟ್ಟು ಬುದ್ಧಿವಾದ ಹೇಳಿದರೆ ಸಾಲದು, ಬಾವಿ, ಶಾಲೆ, ಊರೊಳಗಿನ ದಾರಿ, ಗಿರಣಿಯ ಕೆಲಸ ಎಲ್ಲವೂ ಎಲ್ಲರಿಗೂ ತೆರೆಯುವಂತೆ ಸಂಘ ಹೋರಾಡಬೇಕು ಎನ್ನುವುದು ಕಾಗದದ ಒಂದು ಮಾತು. ಇನ್ನೊಂದು ಇನ್ನೂ ನೇರವಾದದ್ದು. ಸೇವೆಗೆ ಬೇಕಾದದ್ದು ಸಂಬಳದ ನಿಷ್ಠೆಯಲ್ಲ, ಪ್ರೀತಿ. ಆ ಪ್ರೀತಿ ಅದೇ ಸಮುದಾಯದಿಂದ ಬಂದ ಕೆಲಸಗಾರರಲ್ಲಿ ಹೆಚ್ಚಾಗಿ ಸಿಗುತ್ತದೆ, ಅವರನ್ನು ತೆಗೆದುಕೊಳ್ಳಿ ಎಂದು ಅವರು ಬರೆದರು. ಕಾಗದಕ್ಕೆ ಉತ್ತರ ಬರಲಿಲ್ಲವೆಂದು 1945ರಲ್ಲಿ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಅವರು ಸಂಘದಿಂದ ದೂರವಾದರು.

ಆಡಳಿತ ಸಮಿತಿಯಲ್ಲಿ ನಮ್ಮವರೂ ಇರಲಿ ಎಂದು ಅಸ್ಪೃಶ್ಯ ಸಮುದಾಯಗಳ ಪ್ರತಿನಿಧಿಗಳು ಕೇಳಿದಾಗ ಗಾಂಧೀಜಿ ಕೊಟ್ಟ ಉತ್ತರವೂ ಅದೇ ಪುಸ್ತಕದಲ್ಲಿದೆ. ಇದು ಸವರ್ಣೀಯರು ಮಾಡಬೇಕಾದ ಪ್ರಾಯಶ್ಚಿತ್ತ, ಹಣವೂ ಅವರಿಂದಲೇ ಬಂದದ್ದು, ಆದ್ದರಿಂದ ಸಂಘವನ್ನು ಅವರೇ ನಡೆಸಬೇಕು ಎನ್ನುವುದು ಅದರ ಸಾರಾಂಶ.

ಈ ಉತ್ತರವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ತಪ್ಪು ಮಾಡಿದವನೇ ಬೆವರು ಸುರಿಸಲಿ, ನೊಂದವನ ಹೆಗಲಿಗೆ ಆ ಕೆಲಸವನ್ನೂ ಹೇರುವುದು ಬೇಡ ಎನ್ನುವುದರಲ್ಲಿ ಒಂದು ನೈತಿಕ ಬಿಗಿ ಇದೆ. ಸಾಲಗಾರ ಸಾಲ ತೀರಿಸಲಿ, ಸರಿಯೇ. ಆದರೆ ಎಷ್ಟು ಬಾಕಿ ಇದೆ ಎಂದು ಲೆಕ್ಕದ ಪುಸ್ತಕ ಬರೆಯುವುದನ್ನೂ ಸಾಲಗಾರನಿಗೇ ಬಿಡುವುದುಂಟೇ? ಸಾಲ ಕೊಟ್ಟವನು ಪಕ್ಕದಲ್ಲಿ ಕೂತಿರಬೇಡವೇ?

ದಾನದ ವಿಚಾರದಲ್ಲಿ ನಮಗೆ ಕಷ್ಟವಾಗುವುದು ಇಲ್ಲಿಯೇ. ಜೇಬಿನಿಂದ ಹಣ ತೆಗೆಯುವುದು ಅಷ್ಟು ಕಷ್ಟವಲ್ಲ. ಅದು ಎಲ್ಲಿಗೆ, ಹೇಗೆ, ಯಾರಿಗೆ ಹೋಗಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಬಿಟ್ಟುಕೊಡುವುದು ಕಷ್ಟ.

ಅಂಬೇಡ್ಕರರು ಇದನ್ನು ಪುಸ್ತಕ ಓದಿ ಕಲಿತದ್ದಲ್ಲ. ಬರೋಡದ ಸಯಾಜಿರಾವ್ ಮಹಾರಾಜರು ಎಲ್ಫಿನ್‌ಸ್ಟನ್ ಕಾಲೇಜಿನ ಓದಿಗೆ ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರಲ್ಲಿ ಅವರದೇ ನೆರವಿನಿಂದ ಈ ಯುವಕ ನ್ಯೂಯಾರ್ಕಿಗೆ ಹೋದರು. ಇಷ್ಟು ದೊಡ್ಡ ಮನಸ್ಸಿನ ದೊರೆ ಅಪರೂಪ. ಆದರೆ ಕರಾರಿನಂತೆ ಸಂಸ್ಥಾನದ ನೌಕರಿಗೆ 1917ರಲ್ಲಿ ಬರೋಡಕ್ಕೆ ಮರಳಿದಾಗ ಆ ಊರಿನಲ್ಲಿ ಅವರಿಗೊಂದು ಬಾಡಿಗೆ ಕೋಣೆ ಸಿಗಲಿಲ್ಲ. ಬೇರೆ ಹೆಸರು ಹೇಳಿಕೊಂಡು ಉಳಿದಿದ್ದ ಪಾರ್ಸಿ ವಸತಿಗೃಹದಿಂದ ಬಡಿಗೆ ಹಿಡಿದು ಬಂದವರು ಹೊರಗೆ ಕಳಿಸಿದರು. ಅರಮನೆಯ ಹಣ ಅಮೆರಿಕದವರೆಗೆ ತಲುಪಿತ್ತು, ಅರಮನೆಯ ಊರಿನ ಒಂದು ಬಾಗಿಲನ್ನು ಮಾತ್ರ ತೆರೆಸಲಾಗಲಿಲ್ಲ.

1924ರಲ್ಲಿ ಮುಂಬಯಿಯಲ್ಲಿ ಅವರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಸರ್ ಚಿಮಣಲಾಲ್ ಸೆಟಲ್‌ವಾಡರು ಅಧ್ಯಕ್ಷರು. ಹೊರಗಿನ ಗಣ್ಯರನ್ನು ಅವರು ದೂರ ಇಡಲಿಲ್ಲ ಎಂಬುದನ್ನು ಗಮನಿಸಿ. ಆದರೆ ದಿನದಿನದ ಕೆಲಸ ತೀರ್ಮಾನಿಸುವ ಆಡಳಿತ ಸಮಿತಿಗೆ ಅಂಬೇಡ್ಕರರೇ ಮುಖ್ಯಸ್ಥರು. ಮರುವರ್ಷವೇ ಸೊಲ್ಲಾಪುರದಲ್ಲಿ ಹುಡುಗರಿಗೊಂದು ವಿದ್ಯಾರ್ಥಿನಿಲಯ ತೆರೆಯಿತು. ಮುಂಬಯಿಯಲ್ಲಿ ವಾಚನಾಲಯ, ಜೊತೆಗೆ ಒಂದು ಹಾಕಿ ಕ್ಲಬ್ಬು! ಬಡವರಿಗೆ ಅಕ್ಕಿ ಬೇಕು, ಬಟ್ಟೆ ಬೇಕು ಎಂದು ಯಾವ ದಾನಿಗೂ ಹೊಳೆಯುತ್ತದೆ. ಸಂಜೆ ಹೊತ್ತು ಜೂಜಿನ ಕಡೆ ಜಾರುವ ಹುಡುಗನ ಕೈಗೆ ಹಾಕಿ ಕೋಲು ಕೊಡಬೇಕು ಎಂದು ಹೊಳೆಯುವುದು ಅವನಂತೆ ಚಾಳಿನಲ್ಲಿ ಬಾಳಿದವರಿಗೆ.

ಈ ದಾರಿಯಲ್ಲಿ ನಡೆದವರು ನಮ್ಮಲ್ಲಿ ಮಾತ್ರ ಇದ್ದರೆಂದಲ್ಲ. 1787ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಅಲೆನ್ ಮತ್ತು ಅಬ್ಸಲಮ್ ಜೋನ್ಸ್ ಎಂಬ ಇಬ್ಬರು ಕಪ್ಪು ಜನಾಂಗದವರು 'ಫ್ರೀ ಆಫ್ರಿಕನ್ ಸೊಸೈಟಿ' ಎಂಬ ಕೂಟ ಕಟ್ಟಿದರು. ಇಬ್ಬರೂ ಗುಲಾಮರಾಗಿ ಹುಟ್ಟಿ ಬಿಡುಗಡೆ ಪಡೆದವರು. ಸದಸ್ಯರು ತಿಂಗಳಿಗೆ ಒಂದು ಷಿಲಿಂಗ್ ಹಾಕಬೇಕು. ಕಾಯಿಲೆ ಬಿದ್ದವರಿಗೆ, ವಿಧವೆಯರಿಗೆ, ತಂದೆಯಿಲ್ಲದ ಮಕ್ಕಳಿಗೆ ಅದರಿಂದ ನೆರವು. ಕುಡುಕರಿಗೆ ಪ್ರವೇಶವಿಲ್ಲ, ತನ್ನದೇ ಅವಿವೇಕದಿಂದ ಕಷ್ಟ ತಂದುಕೊಂಡವನಿಗೆ ಹಣವಿಲ್ಲ ಎಂಬ ನಿಯಮವೂ ಇತ್ತು. ನಮ್ಮವರೇ ಕೂತ ಸಮಿತಿ ಎಂದ ಮಾತ್ರಕ್ಕೆ ಮೃದುವಾಗಿರುತ್ತದೆ ಎಂದು ತಿಳಿಯಬೇಡಿ, ಕೆಲವೊಮ್ಮೆ ಅದು ಹೊರಗಿನವರಿಗಿಂತ ಬಿಗಿ. ಇಂಥ ನೂರಾರು ಕೂಟಗಳನ್ನು ಡು ಬಾಯ್ಸ್ ಎಂಬ ಕಪ್ಪು ವಿದ್ವಾಂಸರು 1907ರಲ್ಲಿ ಅಧ್ಯಯನ ಮಾಡಿ ಪ್ರಕಟಿಸಿದರು. 1946ರಲ್ಲಿ ಅಂಬೇಡ್ಕರರು ಇದೇ ಡು ಬಾಯ್ಸರಿಗೆ ಕಾಗದ ಬರೆದು, ನಿಮ್ಮವರ ಸ್ಥಿತಿಗೂ ನಮ್ಮವರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದರು.

ಈಗ ಮುಂಬಯಿ ಕನ್ನಡಿಗರಾದ ನಮ್ಮ ಮನೆಯಂಗಳಕ್ಕೆ ಬರೋಣ. 1902ರಲ್ಲಿ, ಕರಾವಳಿಯಿಂದ ಮುಂಬಯಿಗೆ ಬಂದ ಮೀನುಗಾರ ಸಮುದಾಯದವರು ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್. ಅವರೆಲ್ಲ ಆಗ ಸಿರಿವಂತರೇನಲ್ಲ. ಹೊಟೇಲಿನಲ್ಲಿ ಲೋಟ ತೊಳೆಯುವವರು, ಫೋರ್ಟಿನ ಆಫೀಸುಗಳ ಕ್ಯಾಂಟೀನಿನಲ್ಲಿ ಚಹಾ ಒಯ್ಯುವವರು, ಪೇದೆಗಳು ಅವರಲ್ಲಿ ಬಹಳ ಮಂದಿ. ಊರಲ್ಲಿ ನಾಲ್ಕೋ ಐದೋ ಕ್ಲಾಸಿಗೆ ಶಾಲೆ ಬಿಟ್ಟು ಹಡಗು ಹತ್ತಿದ ಹುಡುಗರು. ಅವರಿಗೆ ಏನು ಬೇಕು ಎಂದು ಆಗಿನ ಯಾವುದಾದರೂ ದೊಡ್ಡ ಟ್ರಸ್ಟನ್ನು ಕೇಳಿದ್ದರೆ ಪುಸ್ತಕ, ಸಮವಸ್ತ್ರ ಎನ್ನುತ್ತಿತ್ತೋ ಏನೋ. ಅವರವರೇ ಕೂತು ಯೋಚಿಸಿದಾಗ ಹೊಳೆದದ್ದು ರಾತ್ರಿ ಶಾಲೆ. ಕ್ಯಾಂಟೀನು ಮುಚ್ಚುವ ಹೊತ್ತು ಯಾವುದೆಂದು ಅವರಿಗೆ ಗೊತ್ತಿತ್ತು. ಆಫೀಸು ಬಿಟ್ಟ ಮೇಲೆ ಅದೇ ಫೋರ್ಟಿನಲ್ಲಿ ನಡೆದುಹೋಗುವಷ್ಟು ಹತ್ತಿರ ತರಗತಿ ಇರಬೇಕೆಂದೂ ಗೊತ್ತಿತ್ತು. ಮೊಗವೀರರ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಹೀಗೆ ಕನ್ನಡದ ರಾತ್ರಿ ಶಾಲೆಗಳ ಒಂದು ಸಾಲೇ ಈ ಶಹರದಲ್ಲಿ ಬೆಳೆಯಿತು. ಅಲ್ಲಿ ಓದಿ ಮೆಟ್ರಿಕ್ ಪಾಸಾದವರು ಬ್ಯಾಂಕ್ ಸೇರಿದರು, ಹೊಟೇಲು ಇಟ್ಟರು, ವಕೀಲರಾದರು. ಮುಂದೆ ಅವರೇ ಸಂಘದ ಸಮಿತಿಯಲ್ಲಿ ಕೂತರು. ಬಿಲ್ಲವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ತೆರೆದರು. ಪಡೆದವನೇ ಕೊಡುವವನ ಕುರ್ಚಿಗೆ ಬಂದ.

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಆಡಬೇಕು. ನಮ್ಮ ಸಂಘಗಳು ಹೆಚ್ಚಾಗಿ ಜಾತಿಯ ಸಂಘಗಳು. ನಮ್ಮವರು ನಮ್ಮವರಿಗಾಗಿ ಎನ್ನುವಾಗ, ಯಾರೂ ಇಲ್ಲದವರಿಗೆ ಯಾರು ಎಂಬ ಪ್ರಶ್ನೆ ಹೊರಗೇ ನಿಂತಿರುತ್ತದೆ. ಬರ ಬಿದ್ದಾಗ ಕಲಬುರಗಿ, ಯಾದಗಿರಿ ಕಡೆಯಿಂದ ರೈಲು ಹತ್ತಿ ಬಂದು ಇಲ್ಲಿ ಕಟ್ಟಡಗಳ ಸಿಮೆಂಟು ಹೊರುವ ಕನ್ನಡಿಗರಿಗೆ ಇಂಥ ಸಂಘವಿಲ್ಲ, ಸಭಾಭವನವಿಲ್ಲ. ಅವರ ಮಗಳಿಗೆ ಅರ್ಜಿಯ ನಮೂನೆಯೇ ಸಿಗುವುದಿಲ್ಲ, ಸಿಕ್ಕರೂ ಜಾತಿಯ ಕಾಲಮ್ಮಿನಲ್ಲಿ ಅದು ನಿಂತುಹೋಗುತ್ತದೆ. ಇನ್ನು ಸಂಘ ಶ್ರೀಮಂತವಾದಂತೆ ಸಮಿತಿಯ ಮುಖಗಳೂ ಬದಲಾಗುತ್ತವೆ. ಲೋಟ ತೊಳೆದ ಕೈಗಳು ಅಲ್ಲಿಂದ ಮರೆಯಾಗಿ ಬಿಲ್ಡರುಗಳು, ಉದ್ಯಮಿಗಳು ಬಂದು ಕೂರುತ್ತಾರೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ವಿದ್ಯಾರ್ಥಿವೇತನ ವಿತರಣೆ ಎಂದರೆ ಶಾಲು, ಸ್ಮರಣಿಕೆ, ಎರಡು ಗಂಟೆ ಭಾಷಣ, ಕೊನೆಗೆ ಹುಡುಗಿಯೊಬ್ಬಳು ಲಕೋಟೆ ಹಿಡಿದು ಕ್ಯಾಮೆರಾದ ಕಡೆ ತಿರುಗಿ ನಿಲ್ಲುವುದು ಎಂದಾಗುತ್ತದೆ. ಅವಳಪ್ಪ ಆ ದಿನದ ಕೂಲಿ ಬಿಟ್ಟು ಕೊನೆಯ ಸಾಲಿನಲ್ಲಿ ಕೂತಿರುತ್ತಾನೆ. ಅವನೂ ಒಂದು ಮಾತು ಹೇಳಬಹುದಿತ್ತು. ಸಮಾರಂಭ ಭಾನುವಾರ ಇಡಿ ಸ್ವಾಮಿ ಎಂದೋ, ಹಣವನ್ನು ಜೂನಿನಲ್ಲೇ ಕೊಡಿ, ಫೀಸು ಕಟ್ಟುವುದು ಆಗ, ಸೆಪ್ಟೆಂಬರಿನಲ್ಲಲ್ಲ ಎಂದೋ. ಅವನನ್ನು ಯಾರೂ ಕೇಳಿರುವುದಿಲ್ಲ.

ಸಮುದಾಯದ ಕೈಯಲ್ಲೇ ತೀರ್ಮಾನ ಇರಬೇಕು, ಹಾಗೆಂದು ಬಾಗಿಲು ಸಮುದಾಯಕ್ಕೆ ಮಾತ್ರ ತೆರೆದಿರಬಾರದು. ಇವೆರಡೂ ಒಟ್ಟಿಗೆ ಸಾಧ್ಯವೇ? ಮುಂಬಯಿಯಲ್ಲೇ ಅದಕ್ಕೊಂದು ಉದಾಹರಣೆ ಇದೆ. ಅಂಬೇಡ್ಕರರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದರು. 1946ರ ಜೂನ್ 20ರಂದು ಅದರ ಸಿದ್ಧಾರ್ಥ ಕಾಲೇಜು ಶುರುವಾಯಿತು. ಹಗಲು ದುಡಿಯುವ ಹುಡುಗರಿಗೆ ಅನುಕೂಲವಾಗಲೆಂದು ಅಲ್ಲಿ ಬೆಳಗಿನ ತರಗತಿಗಳನ್ನು ಇಟ್ಟರು, ಪಾಠ ಮುಗಿಸಿ ಅವರು ನೇರವಾಗಿ ಕೆಲಸಕ್ಕೆ ಹೋಗಬಹುದಿತ್ತು. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಿದ ಮೇಲೆ ಎದ್ದು ಓದಿದ ಅಂಬೇಡ್ಕರರು ಹಾಕಿದ ವೇಳಾಪಟ್ಟಿ ಅದು. ಮತ್ತು ಆ ಕಾಲೇಜಿನ ಪ್ರವೇಶಕ್ಕೆ ಜಾತಿಯ ತಡೆ ಇರಲಿಲ್ಲ. ವಿದ್ಯಾರ್ಥಿಗಳೂ ಅಧ್ಯಾಪಕರೂ ಎಲ್ಲ ಸಮುದಾಯಗಳಿಂದ ಬಂದರು.

ನಮ್ಮ ಸಂಘಗಳಲ್ಲಿ ಈ ಸಲದ ವಿದ್ಯಾರ್ಥಿವೇತನದ ಅರ್ಜಿಗಳನ್ನು ಇನ್ನೇನು ತೆರೆಯುತ್ತಾರೆ. ಆ ಮೇಜಿನ ಸುತ್ತ ಎರಡು ಕುರ್ಚಿ ಹೆಚ್ಚಿಗೆ ಹಾಕಿಸಿ. ಒಂದರಲ್ಲಿ ಹಿಂದೆ ಇದೇ ಸಂಘದ ಹಣದಲ್ಲಿ ಓದಿದವಳೊಬ್ಬಳು ಕೂರಲಿ, ಇನ್ನೊಂದರಲ್ಲಿ ಈಗ ಮಗಳ ಫೀಸಿಗೆ ಅಲೆಯುತ್ತಿರುವ ಒಬ್ಬ ತಂದೆ. ಯಾರಿಗೆ, ಎಷ್ಟು, ಯಾವಾಗ ಎಂಬ ತೀರ್ಮಾನದಲ್ಲಿ ಅವರ ಮತಕ್ಕೂ ಅಧ್ಯಕ್ಷರ ಮತದಷ್ಟೇ ಬೆಲೆ ಇರಲಿ.