ನಮ್ಮ ಕಟ್ಟು ನಾವೇ ಕಟ್ಟೋಣ

(ಕಂಪ್ಯೂಟರ್ ಕೆಲಸದಲ್ಲಿರುವ ಕನ್ನಡದ ಹುಡುಗ ಹುಡುಗಿಯರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಓದಿದ್ದು ಪಿಯುಸಿ. ನಿಮ್ಮಲ್ಲಿ ಹೆಚ್ಚಿನವರು ಇಂಜಿನಿಯರುಗಳು. ಪ್ರೋಗ್ರಾಮ್ ಬರೆಯುವವರ ಮುಂದೆ ಪ್ರೆಸ್ಸಿನವನಿಗೇನು ಮಾತು ಎನ್ನಬೇಡಿ. ಇದ್ದ ಭಾಷೆಗೆ ನಮ್ಮದೊಂದು ಹೊಸ ಮಾತು ಸೇರಿಸುವ ವಿದ್ಯೆಯನ್ನು ನಾನು ಮೊದಲು ಕಂಡದ್ದು ಕಂಪ್ಯೂಟರಿನಲ್ಲಿ ಅಲ್ಲ, ನಮ್ಮಪ್ಪನ ಟ್ರೆಡಲ್ ಪ್ರೆಸ್ಸಿನಲ್ಲಿ!

ಮದುವೆ ಕಾಲ ಬಂತೆಂದರೆ ಅಪ್ಪ ಪ್ರತಿ ಕರೆಯೋಲೆಗೂ ಮೊದಲಿನಿಂದ ಮೊಳೆ ಜೋಡಿಸುತ್ತಿರಲಿಲ್ಲ. ಮೇಲಿನ ದೇವರ ಹೆಸರು, ಒಕ್ಕಣೆ, ಸುತ್ತಲಿನ ಬಳ್ಳಿ ಅಂಚು, ಎಲ್ಲವನ್ನೂ ಒಮ್ಮೆ ಜೋಡಿಸಿ ದಾರ ಸುತ್ತಿ ಇಡುತ್ತಿದ್ದರು. ಗಿರಾಕಿ ಬಂದಾಗ ವಧು, ವರ, ದಿನ, ಛತ್ರ, ಈ ನಾಲ್ಕು ಕಡೆ ಮೊಳೆ ಬದಲಿಸಿದರೆ ಮುಗಿಯಿತು. ಅದನ್ನವರು ‘ಕಟ್ಟು’ ಎನ್ನುತ್ತಿದ್ದರು. “ಮದುವೆ ಕಟ್ಟು ತಾರೋ” ಎಂದು ಒಂದು ಮಾತು ಹೇಳಿದರೆ ಅರ್ಧ ದಿನದ ಕೆಲಸ ಉಳಿಯುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ನಾನು ಈ ಬುದ್ಧಿಯನ್ನು ಮರೆತೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಹಳಗನ್ನಡ ಪದ್ಯಗಳ ಪುಸ್ತಕ ಅಚ್ಚಿಗೆ ತಂದರು. ಪದ್ಯ, ಪದ ಬಿಡಿಸಿದ್ದು, ತಾತ್ಪರ್ಯ, ಟಿಪ್ಪಣಿ. ಒಂದೊಂದಕ್ಕೂ ಒಂದೊಂದು ಅಕ್ಷರದಳತೆ, ಒಂದೊಂದು ಅಂಚು. ನಾನೂರು ಪದ್ಯಗಳನ್ನೂ ಮೌಸ್ ಹಿಡಿದು ಒಂದೊಂದಾಗಿ ಸರಿಮಾಡಿದೆವು. ಎರಡನೇ ಕರಡು ಮುಗಿದ ಮೇಲೆ ಮೇಷ್ಟ್ರು, “ಡೆಮ್ಮಿ ಬೇಡಪ್ಪ, ಕ್ರೌನ್‌ಗೆ ಇಳಿಸಿಬಿಡು” ಎಂದರು. ಮತ್ತೆ ಒಂಬತ್ತು ದಿನ! ಲಾಭವೆಲ್ಲ ಅಲ್ಲೇ ಕರಗಿತು. ಅದು ತಂತ್ರಾಂಶದ ತಪ್ಪಲ್ಲ, ಕಲಿಯದ ನನ್ನ ತಪ್ಪು.

ಆಗ ನಮ್ಮಲ್ಲಿ ಡಿಟಿಪಿಗೆ ಸೇರಿದ್ದ ಹುಡುಗ, “ಅಣ್ಣಾ, ಮುಂದಿನ ಪುಸ್ತಕ ಲೇಟೆಕ್‌ನಲ್ಲಿ ಮಾಡೋಣ. ಒಂದು ಕಡೆ ತಿದ್ದಿದರೆ ನಾನೂರು ಕಡೆ ತಾನೇ ತಿದ್ದಿಕೊಳ್ಳುತ್ತೆ” ಅಂದ. ನಾನು ನಂಬಲಿಲ್ಲ. ಮಾಡಿ ತೋರಿಸಿದ.

ಈ ಭಾಷೆ ಹುಟ್ಟಿದ್ದೂ ಕೆಟ್ಟ ಕರಡಿನಿಂದಲೇ! ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಕರಡು ನೋಡಿದರು. ಪ್ರಕಾಶಕರು ಸೀಸದ ಮೊಳೆ ಬಿಟ್ಟು ಫೋಟೋ ಅಕ್ಷರ ಜೋಡಣೆಗೆ ಹೋಗಿದ್ದರು. ಪುಟದ ಅಂದವೇ ಕೆಟ್ಟಿತ್ತು. ಅವರು ದೂರು ಬರೆದು ಕೂರಲಿಲ್ಲ. ಪುಟ ಜೋಡಿಸುವ ಭಾಷೆಯನ್ನೇ ಬರೆದರು. ಅದೇ ಟೆಕ್. ಅದರ ಮೂಲ ಆಜ್ಞೆಗಳು ಸುಮಾರು 300. ದಿನಬಳಕೆಗೆ ಬೇಕಾದ ಇನ್ನೂ 600ರಷ್ಟನ್ನು ಆ 300ರಿಂದಲೇ ಕಟ್ಟಿಕೊಟ್ಟರು. ಬೇಕಾದ್ದನ್ನು ನೀವೂ ಕಟ್ಟಿಕೊಳ್ಳಿ ಎಂದು ಬಾಗಿಲು ತೆರೆದಿಟ್ಟರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದೇ ಬಾಗಿಲಿನಿಂದ ಹೋಗಿ ಲೇಟೆಕ್ ಕಟ್ಟಿದರು.

ಲೇಟೆಕ್‌ನಲ್ಲಿ ಹೊಸ ಕಟ್ಟು ಮಾಡಲು ‘ನ್ಯೂಎನ್ವಿರಾನ್‌ಮೆಂಟ್’ ಎಂಬ ಆಜ್ಞೆಯಿದೆ. ಅದಕ್ಕೆ ಮೂರು ಸಂಗತಿ ಹೇಳಬೇಕು: ಕಟ್ಟಿನ ಹೆಸರು, ಶುರುವಾಗುವಾಗ ಏನು ಮಾಡಬೇಕು, ಮುಗಿಯುವಾಗ ಏನು ಮಾಡಬೇಕು. ಆಮೇಲೆ ‘ಬಿಗಿನ್ ಪದ್ಯ’ ಎಂದು ಬರೆದು, ಪದ್ಯ ಹಾಕಿ, ‘ಎಂಡ್ ಪದ್ಯ’ ಎಂದರೆ ಸಾಕು. ಅಂಚು, ಅಳತೆ, ಅಂಕಿ ಎಲ್ಲ ತಾನಾಗಿ ಬರುತ್ತದೆ. ಒಳಗೆ ಬದಲಿಸಿದ ಅಕ್ಷರದಳತೆ ಹೊರಗೆ ಸೋರುವುದಿಲ್ಲ. ಪದ್ಯ ಎಂದು ಶುರುಮಾಡಿ ತಾತ್ಪರ್ಯ ಎಂದು ಮುಗಿಸಿದರೆ ಗದರಿಸುತ್ತದೆ. ಇರುವ ಹೆಸರನ್ನೇ ಮತ್ತೆ ಇಟ್ಟರೆ ಒಪ್ಪುವುದಿಲ್ಲ. ಅಪ್ಪನ ದಾರದ ಕಟ್ಟಿಗೂ ಇಷ್ಟು ಶಿಸ್ತು ಇರಲಿಲ್ಲ!

ಇದು ಅಚ್ಚಿನವರ ಗುಟ್ಟೇನೂ ಅಲ್ಲ. ಲಿಸ್ಪ್ ಭಾಷೆಗೆ ಟಿಮೊತಿ ಹಾರ್ಟ್ ಮ್ಯಾಕ್ರೊ ಸೇರಿಸಲು ಹೇಳಿದ್ದು 1963ರಲ್ಲೇ. ಭಾಷೆ ಮಾಡಿದವನಿಗೆ ತೋಚದ್ದನ್ನು ಬಳಸುವವನು ಸೇರಿಸಿಕೊಳ್ಳಲಿ ಎಂಬ ಔದಾರ್ಯ ಇದು.

ಆದರೆ ಕೇಳಿ, ಇಲ್ಲೇ ನನಗೆ ಎರಡನೇ ಪೆಟ್ಟು ಬಿದ್ದದ್ದು. ಹುಡುಗ ಒಳ್ಳೆಯ ಸಂಬಳ ಸಿಕ್ಕಿ ಬೇರೆ ಕಡೆ ಹೋದ. ಅವನು ಕಟ್ಟಿದ್ದ ಕಟ್ಟುಗಳ ಹೆಸರು ನೋಡಿದರೆ ‘ಪಿ1’, ‘ಟಿಕೆ2’, ‘ಎಕ್ಸ್‌ಎಕ್ಸ್’! ಯಾವುದು ಪದ್ಯ, ಯಾವುದು ಟಿಪ್ಪಣಿ? ಇಡೀ ಪ್ರೆಸ್ಸಿನಲ್ಲಿ ಒಬ್ಬರಿಗೂ ತಿಳಿಯದು. ಹೊಸ ಮಾತು ಸೇರಿಸುವ ಅಧಿಕಾರ ಸಿಕ್ಕಿತು ಸರಿ, ಇನ್ನೊಬ್ಬರಿಗೆ ಅರ್ಥವಾಗದ ಮಾತು ಭಾಷೆಯಾಗುವುದು ಹೇಗೆ? ಅದು ಒಬ್ಬನ ಗೊಣಗಾಟ, ಅಷ್ಟೆ.

2004ರಲ್ಲಿ ಜೊನಾಥನ್ ಕ್ಯೂ ಅವರು ಯೂನಿಕೋಡ್ ಅರಿಯುವ ಝೀಟೆಕ್ ತಂದರು. ಅದರಲ್ಲಿ ಕಟ್ಟಿನ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆಯಬಹುದು. ನಾನು ಕೂತು ಒಂದೊಂದನ್ನೇ ಬಿಡಿಸಿ ಹೆಸರು ಬದಲಿಸಿದೆ: ಪದ್ಯ, ಪದಬಿಡಿಕೆ, ತಾತ್ಪರ್ಯ, ಟಿಪ್ಪಣಿ. ಪ್ರತಿಯೊಂದರ ಮೇಲೂ ಅದು ಏನು ಮಾಡುತ್ತದೆಂದು ಎರಡು ಸಾಲು ಕನ್ನಡದಲ್ಲಿ ಬರೆದಿಟ್ಟೆ. ಈಗ ಎಸ್ಸೆಸ್ಸೆಲ್ಸಿ ಓದಿದ ಹೆಣ್ಣುಮಗಳೊಬ್ಬಳು ಅದೇ ಕಟ್ಟುಗಳಲ್ಲಿ ಪುಸ್ತಕ ಮಾಡುತ್ತಾಳೆ. ಮೊನ್ನೆ ‘ಶಾಸನಪಾಠ’ ಎಂಬ ಹೊಸ ಕಟ್ಟನ್ನು ತಾನೇ ಕಟ್ಟಿದಳು. ನನ್ನನ್ನು ಕೇಳಲೂ ಇಲ್ಲ!

ಗೆಳೆಯರೇ, ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಜಾಗ ಕೊಡಿ ಎಂದು ಕೇಳುವುದು ನಮ್ಮ ಹಕ್ಕು, ಕೇಳೋಣ. ಆದರೆ ಬಾಗಿಲು ತೆರೆದೇ ಇರುವ ಕಡೆಯೂ ಹೊರಗೆ ನಿಂತು ಕೂಗಿದರೆ ನಗೆಪಾಟಲು. ನೀವು ಭಾಷೆ ಬಲ್ಲವರು. ಈ ವಾರ ಒಂದೇ ಒಂದು ಕಟ್ಟು ಕಟ್ಟಿ. ಕನ್ನಡದ ಹೆಸರಿಡಿ, ಕನ್ನಡದಲ್ಲಿ ಎರಡು ಸಾಲು ವಿವರ ಬರೆಯಿರಿ, ನಿಮ್ಮ ಬೀದಿಯ ಪ್ರೆಸ್ಸಿನವನಿಗೆ ಕೊಡಿ. ಅವನು ನನ್ನ ಹಾಗೆ ಒಂಬತ್ತು ದಿನ ಕಳೆದುಕೊಳ್ಳದಿರಲಿ.

ಕನ್ನಡ ಗೆಲ್ಲಲಿ.