ಊರಂಗಡಿ ಮುಚ್ಚಿದ ಮೇಲೆ

(ಬಳಗದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಅಣೆಕಟ್ಟು, ಗಣಿ, ನದಿ ತಿರುವುಗಳ ಕುರಿತು ಚರ್ಚಿಸುವ ಈ ವೇದಿಕೆಯಲ್ಲಿ ಒಂದು ಕಿರಾಣಿ ಅಂಗಡಿಯ ಬಗ್ಗೆ ಮಾತನಾಡಲು ನನಗೆ ಸಂಕೋಚವಿತ್ತು. ಶಿರಸಿ-ಸಿದ್ದಾಪುರ ಸೀಮೆಯ ಹಳ್ಳಿಯೊಂದರಲ್ಲಿ ಅಜ್ಜ ಆರಂಭಿಸಿ, ಅಪ್ಪಯ್ಯ ಬೆಳೆಸಿ, ನಾನು ನಡೆಸಿಕೊಂಡು ಬಂದಿದ್ದ ಅಂಗಡಿಯನ್ನು ಕಳೆದ ಯುಗಾದಿಯ ಹಿಂದಿನ ದಿನ ಮುಚ್ಚಿದೆವು. ಅದು ಮನೆಯ ದುಃಖ, ಪರಿಸರದ ಪ್ರಶ್ನೆಯಲ್ಲ ಎಂದೇ ನಾನು ಭಾವಿಸಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ನಮ್ಮದು ಮಾರುವ ಅಂಗಡಿ ಮಾತ್ರವಾಗಿರಲಿಲ್ಲ, ಕೊಳ್ಳುವ ಅಂಗಡಿಯೂ ಆಗಿತ್ತು. ಪೇಟೆಯಿಂದ ಉಪ್ಪು, ಬೇಳೆ, ಎಣ್ಣೆ ಬರುತ್ತಿದ್ದವು. ಬೆಟ್ಟದಿಂದ ಸೀಗೆ, ಅಂಟುವಾಳ, ಮುರುಗಲು, ಉಪ್ಪಾಗೆ, ರಾಮಪತ್ರೆ, ಜೇನು ಇಳಿಯುತ್ತಿದ್ದವು. ತಕ್ಕಡಿ ಒಂದೇ. ಸೀಗೆ ತಂದ ಹೆಂಗಸು ಅದೇ ಲೆಕ್ಕದಲ್ಲಿ ಬೆಲ್ಲ ಒಯ್ಯುತ್ತಿದ್ದಳು. ಎಣ್ಣೆಗೆ ಬಾಟ್ಲಿ, ಜೋನಿಬೆಲ್ಲಕ್ಕೆ ಪಾತ್ರೆ ಅವರವರ ಮನೆಯದೇ. ಬೇಳೆ ಕಟ್ಟಲು ಹಳೆಯ ಪತ್ರಿಕೆ, ಬಾಳೆಯ ನಾರು. ಅಂಗಡಿಯ ಹಿಂದೆ ಕಸದ ಗುಂಡಿ ಇರಲಿಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ.

ಅಜ್ಜನದು ಒಂದು ನಿಯಮವಿತ್ತು. ಬಲಿಯದ ಕಾಯಿಯನ್ನೂ, ಟೊಂಗೆ ಕಡಿದು ಇಳಿಸಿದ ಹಣ್ಣನ್ನೂ ತಕ್ಕಡಿಗೆ ಹಾಕುತ್ತಿರಲಿಲ್ಲ. 'ಮರ ಬರುವ ವರ್ಷವೂ ಗಿರಾಕಿಯೇ' ಎನ್ನುತ್ತಿದ್ದ. ಅರಣ್ಯ ಇಲಾಖೆಯ ಯಾವ ಫಲಕಕ್ಕಿಂತಲೂ ಆ ನಿರಾಕರಣೆ ನಮ್ಮ ಬೆಟ್ಟವನ್ನು ಹೆಚ್ಚು ಕಾದಿತ್ತೆಂದು ನಾನು ನಂಬಿದ್ದೇನೆ.

ಹಾಗೆಂದು ನಮ್ಮ ಅಂಗಡಿಯನ್ನು ಪೂಜಿಸಲು ನಾನು ಬಂದಿಲ್ಲ. 1990ರ ದಶಕದಲ್ಲಿ ದೇಹದ ತೂಕ ಇಳಿಸುವ ಮಾತ್ರೆಗಳಿಗಾಗಿ ಉಪ್ಪಾಗೆ ಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂದಿತು. ದರ ಏರಿತು. ಆಗ ಅಪ್ಪಯ್ಯ ಅಜ್ಜನ ನಿಯಮವನ್ನು ಸಡಿಲಿಸಿದ. ಬಲಿಯುವ ಮೊದಲೇ ಕೊಯ್ದ ಕಾಯಿ ಬಂದಿತು, ಟೊಂಗೆ ಕಡಿದದ್ದೂ ಬಂದಿತು, ಎಲ್ಲವನ್ನೂ ತೂಗಿದೆವು. ಮಳೆಗಾಲದಲ್ಲಿ ಆ ಸಿಪ್ಪೆ ಒಣಗಿಸಲು ಒಲೆಗೆ ಹಾಕಿದ ಸೌದೆಯ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಅದಕ್ಕೂ ಮೊದಲೇ, 1980ರ ದಶಕದಲ್ಲಿ ತಮಿಳುನಾಡಿನಿಂದ ಹೊರಟ ಶಾಂಪೂ ಪೊಟ್ಟಣಗಳು ನಮ್ಮ ಬಾಗಿಲಲ್ಲಿ ತೋರಣದಂತೆ ತೂಗಿದ್ದವು. ಒಳಗೆ ಸೀಗೆಯ ಚೀಲ, ಹೊರಗೆ ಶಾಂಪೂ ಮಾಲೆ. ಚೀಲ ಕ್ರಮೇಣ ಮೂಲೆ ಸೇರಿತು. ಆ ಮಾಲೆಯನ್ನು ನೇತುಹಾಕಿದ್ದು ನಮ್ಮದೇ ಕೈ.

ಅಂಗಡಿ ಏಕೆ ಸೋತಿತು? ಒಂದೇ ಕಾರಣ ಹೇಳಿದರೆ ಸುಳ್ಳಾದೀತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಅಕ್ಕಿಯ ವ್ಯಾಪಾರ ಇಳಿಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರು ಬಸ್ಸೇರಿ ಪೇಟೆಯಲ್ಲಿಯೇ ಸಂತೆ ಮುಗಿಸಿ ಬರತೊಡಗಿದರು. ಈ ಎರಡರ ಬಗ್ಗೆಯೂ ನನಗೆ ಅಸಮಾಧಾನವಿಲ್ಲ. ಬಡವರ ಮಡಕೆ ತುಂಬಿದ್ದರಿಂದ ನನ್ನ ಗಲ್ಲಾಪೆಟ್ಟಿಗೆ ಬರಿದಾದರೆ ಅದನ್ನು ಅನ್ಯಾಯವೆನ್ನಲಾರೆ. ಆದರೆ ಕಂಪನಿಯ ಗಾಡಿ ನಮ್ಮ ಘಟ್ಟದ ದಾರಿಗೆ ಬರುತ್ತಿರಲಿಲ್ಲ. ಪೇಟೆಯ ದೊಡ್ಡ ಮಳಿಗೆಯಿಂದ ನಾನೇ ಕೊಂಡು ತಂದು, ಪೊಟ್ಟಣದ ಮೇಲೆ ಅಚ್ಚಾದ ಬೆಲೆಗೆ ಮಾರಿದರೆ ಉಳಿಯುವುದು ಪೆಟ್ರೋಲಿನ ಖರ್ಚು ಮಾತ್ರ. ಬಿಡಿ ಸರಕಿನಲ್ಲಿ ಲಾಭವಿತ್ತು. ಅದನ್ನು ಕೇಳುವವರೇ ಕಡಿಮೆಯಾದರು. ಮಕ್ಕಳು ಬೆಂಗಳೂರಿಗೆ ಹೋದರು, ಕೆಲವು ಮನೆಗಳಿಗೆ ಬೀಗ ಬಿದ್ದಿತು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಅಡಿಕೆ ತೋಟಗಳನ್ನು ಹೊಕ್ಕ ಮೇಲೆ 'ಕೊಯ್ಲಾದ ಮೇಲೆ ಕೊಡುತ್ತೇನೆ' ಎಂಬ ಮಾತಿಗೆ ಆಧಾರವೇ ಉಳಿಯಲಿಲ್ಲ.

ಕೊನೆಯ ವಾರ ಉದ್ರಿ ಪುಸ್ತಕ ತೆರೆದು ಅಪ್ಪಯ್ಯನ ಮುಂದೆ ಕುಳಿತೆ. ಒಂದೊಂದೇ ಹೆಸರು ಓದಿದೆ. 'ಆತ ತೀರಿಹೋದ', 'ಅವರ ತೋಟ ಹೋಯಿತು', 'ಅವಳನ್ನು ಕೇಳಬೇಡ' ಎಂದು ಆತ ಹೇಳುತ್ತಾ ಹೋದ. ಕೊನೆಗೆ ಉಳಿದ ಹೆಸರುಗಳು ಏಳು. ಸುದ್ದಿ ತಿಳಿದು ಕೆಲವರು ಕೇಳದೆಯೇ ಹಣ ತಂದುಕೊಟ್ಟರು, ಕೆಲವರು ನಮ್ಮ ಮನೆಯ ಮುಂದಿನ ದಾರಿಯನ್ನೇ ಬಿಟ್ಟರು. ಮೇಲಿನ ಕೇರಿಯ ಅಜ್ಜಿಯೊಬ್ಬರು ಒಂದು ಚೀಲ ಅಂಟುವಾಳ ತಂದು ಜಗುಲಿಯ ಮೇಲಿಟ್ಟು, 'ತಮಾ, ಇನ್ನು ಮೇಲೆ ಇದನ್ನ ಯಾರು ತಗತ್ರು?' ಎಂದು ಕೇಳಿದರು.

ಬಂಧುಗಳೇ, ನನಗೆ ಉತ್ತರ ಹೇಳಲಾಗದ ಪ್ರಶ್ನೆ ಅದು. ಉಪ್ಪು ಎಲ್ಲಿಯಾದರೂ ಸಿಕ್ಕೀತು. ಆದರೆ ಒಂದು ಚೀಲ ಅಂಟುವಾಳವನ್ನು ನ್ಯಾಯವಾಗಿ ತೂಗಿ ಕೊಳ್ಳುವ ಜಾಗ ಈಗ ನಮ್ಮೂರಿನಲ್ಲಿಲ್ಲ. ವರ್ಷಕ್ಕೊಮ್ಮೆ ಹೊರಗಿನ ಗಾಡಿ ಬರುತ್ತದೆ. ಬಲಿತದ್ದು, ಬಲಿಯದ್ದು ಎಂಬ ಭೇದವಿಲ್ಲದೆ ಒಯ್ಯುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸಿ ಮಾರುವ ಹಕ್ಕನ್ನು ಅರಣ್ಯವಾಸಿಗಳಿಗೆ ಮಾನ್ಯ ಮಾಡಿದೆ. ಹತ್ತಿರದಲ್ಲಿ ನಂಬಿಕೆಯ ತಕ್ಕಡಿ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಅಂಗಡಿಯನ್ನು ಮತ್ತೆ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಒಂದು ಕುಟುಂಬ ಅದನ್ನು ಹೊರಲಾರದು. ಆದರೆ ಅಡಿಕೆ ಬೆಳೆಗಾರರು ಮಧ್ಯವರ್ತಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಸಹಕಾರದ ದಾರಿ ಹಿಡಿದ ಸೀಮೆ ನಮ್ಮದು. ಶಿರಸಿಯ ತೋಟಗಾರರ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ. ತೋಟವಿದ್ದವರು ಅಂದು ಮಾಡಿಕೊಂಡದ್ದನ್ನು ತೋಟವಿಲ್ಲದವರಿಗಾಗಿ ನಾವೇಕೆ ಮಾಡಬಾರದು? ವಾರಕ್ಕೊಂದು ದಿನ ಒಂದು ಜಗುಲಿ, ಒಂದು ತಕ್ಕಡಿ, ಬಲಿಯದ್ದನ್ನು ಹಿಂದಿರುಗಿಸುವ ಒಬ್ಬ ಮನುಷ್ಯ. ಕೊಳ್ಳುವವರು ಮೊದಲು ನಾವೇ ಆಗಬೇಕು. ಕಾಡು ಉಳಿಸಿ ಎಂದು ಘೋಷಣೆ ಕೂಗುವ ನಮ್ಮ ಬಚ್ಚಲಲ್ಲಿ ಸೀಗೆ ಎಷ್ಟಿದೆ, ಪೊಟ್ಟಣ ಎಷ್ಟಿದೆ ಎಂದು ಇಂದು ಮನೆಗೆ ಹೋಗಿ ಎಣಿಸೋಣ.

ತಕ್ಕಡಿಯನ್ನು ನಾನು ಮಾರಿಲ್ಲ. ಜಗುಲಿಯೂ ಇದೆ. ಬಳಗ ಒಪ್ಪಿದರೆ ಎರಡನ್ನೂ ಕೊಡಲು ಅಪ್ಪಯ್ಯನ ಸಮ್ಮತಿಯಿದೆ. ಅವನದು ಒಂದೇ ಷರತ್ತು: ಅಜ್ಜನ ನಿಯಮವನ್ನು ಈ ಬಾರಿ ಯಾರೂ ಸಡಿಲಿಸಬಾರದು.