ಯುದ್ಧವಿಮಾನದ ಜ್ವಾಲೆಯೂ ಅದರ ಬಣ್ಣವೂ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ಕಾವ್ಯವನ್ನು ಬದಿಗಿಟ್ಟು ವಿಮಾನದ ಬೆಂಕಿಯ ಮಾತನ್ನೆತ್ತಿದುದೇಕೆಂದು ತಮಗೆ ಸೋಜಿಗವಾಗಬಹುದು. ಕಾರಣ ನನ್ನದೇ ಒಂದು ತಪ್ಪು. ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಹೋಗಿಬಂದಿದ್ದ ಬಾಲಕನೊಬ್ಬನು ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ತೋರಿಸಿ, "ಸಾರ್, ಒಂದರ ಹಿಂದೆ ನೀಲಿ ಬೆಂಕಿ, ಇನ್ನೊಂದರ ಹಿಂದೆ ಹಳದಿ ಬೆಂಕಿ. ಯಾವುದಕ್ಕೆ ಬಲ ಹೆಚ್ಚು?" ಎಂದು ಕೇಳಿದನು. ಕುಲುಮೆಯ ಕಬ್ಬಿಣವು ಕೆಂಪಾಗಿ, ಹಳದಿಯಾಗಿ, ಕಡೆಗೆ ಬೆಳ್ಳಗಾಗುವುದನ್ನು ನೆನೆದು ನಾನು, "ನೀಲಿಗೇ ಕಾವು ಹೆಚ್ಚು, ಬಲವೂ ಅದಕ್ಕೇ ಹೆಚ್ಚು" ಎಂದುಬಿಟ್ಟೆನು. ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ಕೇಳಿ ನಕ್ಕರು. ಅಂದಿನಿಂದ ಓದಿ ತಿದ್ದಿಕೊಂಡುದನ್ನು ಇಂದು ತಮ್ಮ ಮುಂದಿಡುತ್ತೇನೆ.

ಜೆಟ್ ವಿಮಾನವು ಉರಿಸುವ ಎಣ್ಣೆಯು ನಮ್ಮ ಸೀಮೆಎಣ್ಣೆಯ ಜಾತಿಗೆ ಸೇರಿದುದು. ಹಿಂದೆ ನಮ್ಮ ಮನೆಗಳಲ್ಲಿ ಅದೇ ಸೀಮೆಎಣ್ಣೆ ಎರಡು ಬಗೆಯಾಗಿ ಉರಿಯುತ್ತಿತ್ತು. ಬುಡ್ಡಿದೀಪದಲ್ಲಿ ಹಳದಿ ಕುಡಿ, ಗೋಡೆಗೆಲ್ಲ ಮಸಿ; ಪಂಪು ಹೊಡೆಯುವ ಸ್ಟೌವಿನಲ್ಲಿ ಭೋರ್ಗರೆಯುವ ನೀಲಿ ಉರಿ, ಮಸಿಯ ಸುಳಿವಿಲ್ಲ. ಎಣ್ಣೆ ಒಂದೇ, ಗಾಳಿ ಬೆರೆಯುವ ರೀತಿ ಬೇರೆ. ಗಾಳಿ ಸಾಲದೆಡೆ ಇಂಗಾಲದ ಸಣ್ಣ ಕಣಗಳು ಹುಟ್ಟಿ, ಕಾದು ಹಳದಿಯಾಗಿ ಹೊಳೆಯುತ್ತವೆ. ಆ ಕಣಗಳು ತಣಿದರೆ ಅವೇ ಮಸಿ. ಗಾಳಿ ಚೆನ್ನಾಗಿ ಬೆರೆತೆಡೆ ಕಣಗಳಿಲ್ಲ. ಉರಿಯುತ್ತಿರುವ ಅನಿಲದ ಅಣುಗಳೇ ನೀಲಿ ಬೆಳಕನ್ನು ಸೂಸುತ್ತವೆ. ಅಮರಕೋಶದಲ್ಲಿ ಅಗ್ನಿಗೆ 'ಕೃಷ್ಣವರ್ತ್ಮ', ಅಂದರೆ ಕರಿಯ ಹಾದಿಯವನು, ಎಂಬ ಹೆಸರೂ ಉಂಟು. 'ವಾಯುಸಖ' ಎಂಬ ಹೆಸರೂ ಉಂಟು. ಬುಡ್ಡಿದೀಪಕ್ಕೆ ಮೊದಲನೆಯದು ಒಪ್ಪುತ್ತದೆ, ಸ್ಟೌವಿಗೆ ಎರಡನೆಯದು.

ವಿಮಾನವು ಸಾಮಾನ್ಯವಾಗಿ ಹಾರುವಾಗ ಹಿಂದೆ ಜ್ವಾಲೆಯೇ ಕಾಣುವುದಿಲ್ಲ. ಉರಿಯೆಲ್ಲ ಎಂಜಿನಿನ ಒಡಲಲ್ಲೇ ಮುಗಿಯುತ್ತದೆ. ಆದರೆ ಟರ್ಬೈನಿನ ಅಲಗುಗಳು ಕರಗಿಹೋಗಬಾರದೆಂದು ಅಲ್ಲಿ ಗಾಳಿಯನ್ನು ಬೇಕಾದುದಕ್ಕಿಂತ ಬಹು ಹೆಚ್ಚಾಗಿ ಬಿಟ್ಟಿರುತ್ತಾರೆ. ಹೊರಬರುವ ಬಿಸಿಗಾಳಿಯಲ್ಲಿ ಆಮ್ಲಜನಕ ಸಾಕಷ್ಟು ಉಳಿದಿರುತ್ತದೆ. ಟರ್ಬೈನಿನ ಹಿಂದಣ ಕೊಳವೆಯಲ್ಲಿ ಮತ್ತೆ ಎಣ್ಣೆ ಸಿಂಪಡಿಸಿ ಉರಿಸುವುದೇ ಆಫ್ಟರ್‌ಬರ್ನರ್; ನಾವು ಪುನರ್ದಹನವೆನ್ನೋಣ. ನೂಕುಬಲ ಸುಮಾರು ಒಂದೂವರೆ ಪಟ್ಟಾಗುತ್ತದೆ, ಎಣ್ಣೆಯ ಖರ್ಚು ಇಮ್ಮಡಿಯನ್ನೂ ಮೀರುತ್ತದೆ. ನಾವು ಕಾಣುವ ಜ್ವಾಲೆ ಇದು. ಅದರಲ್ಲಿ ಮಣಿಸರದಂತೆ ಹೊಳೆಯುವ ಗಂಟುಗಳು ಕಂಡರೆ, ಹೊರನುಗ್ಗುವ ಅನಿಲವು ಶಬ್ದವೇಗವನ್ನು ಮೀರಿದೆಯೆಂದು ತಿಳಿಯಬೇಕು. ವಿಮಾನವು ಮೀರಿದೆಯೆಂದಲ್ಲ, ನೆಲದ ಮೇಲೆ ಕಟ್ಟಿಹಾಕಿದ ಎಂಜಿನಿನಲ್ಲಿಯೂ ಅವು ಕಾಣುತ್ತವೆ.

ಹೀಗೆ ಬಣ್ಣವು ಎಣ್ಣೆಗಾಳಿಗಳ ಬೆರಕೆಯನ್ನು ಹೇಳುತ್ತದೆ, ಬಲಾಬಲವನ್ನು ಹೇಳುವುದಿಲ್ಲ. ಒಂದೇ ವಿಮಾನವು ಹೊತ್ತಿಸಿದ ಕ್ಷಣದಲ್ಲಿ ಹಳದಿಯಾಗಿ ಮಿಂಚಿ ಅನಂತರ ನೀಲಿಗೆ ತಿರುಗಬಹುದು. ಹಗಲಿನಲ್ಲಿ ನೀಲಿ ಮಾಸಿಹೋಗುತ್ತದೆ. ಕ್ಯಾಮರಾ ತನ್ನದೊಂದು ಬಣ್ಣವನ್ನು ಬೆರೆಸುತ್ತದೆ. ಕಾದ ಲೋಹದ ಕೆಂಪನ್ನೇ ಜ್ವಾಲೆಯೆಂದು ಭ್ರಮಿಸುವುದೂ ಉಂಟು.

ಜ್ವಾಲೆಯ ಬಣ್ಣಕ್ಕಿಂತ ಜ್ವಾಲೆ ಇಲ್ಲದಿರುವುದು ಹೆಚ್ಚು ಹೇಳುತ್ತದೆಂದು ನನಗೆ ತೋರಿದುದು ಬೆಂಗಳೂರಿನ 'ಮರುತ್' ವಿಮಾನದ ಕಥೆಯನ್ನು ಓದಿದಾಗ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಎಚ್.ಎ.ಎಲ್. ಕಾರ್ಖಾನೆ ರಚಿಸಿದ ಈ ಯುದ್ಧವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಹಾರಿಸಿದವರು ಸುರಂಜನ್ ದಾಸ್. ಶಬ್ದದ ಇಮ್ಮಡಿ ವೇಗಕ್ಕೆಂದು ಕಲ್ಪಿಸಿದ ಒಡಲು ಅದು. ಆದರೆ ಅದಕ್ಕೆಂದು ಎಣಿಸಿದ್ದ ಬಲವಾದ ಆರ್ಫಿಯಸ್ ಎಂಜಿನಿಗೆ ಬ್ರಿಟನ್ ಹಣ ಒದಗಿಸಲಿಲ್ಲ. ಪುನರ್ದಹನವಿಲ್ಲದ ಕಡಮೆ ಬಲದ ಆರ್ಫಿಯಸ್ಸುಗಳೇ ಗತಿಯಾದವು. ಹೆಸರು ಮರುತ್, ಗಾಳಿ. ಗಾಳಿಗೆ ಅದರ ಸಖನೇ ಇಲ್ಲ! ಬೆಂಗಳೂರಿನಲ್ಲಿ ಪುನರ್ದಹನವನ್ನು ಅಳವಡಿಸುವ ಯತ್ನ ನಡೆಯಿತು. ಅಂತಹ ಪ್ರಾಯೋಗಿಕ ವಿಮಾನವೊಂದು 1970ರ ಜನವರಿ 10ರಂದು ನೆಲಬಿಟ್ಟೇಳುವಾಗ ಬಿದ್ದು, ಅದೇ ಸುರಂಜನ್ ದಾಸರು ಪ್ರಾಣ ತೆತ್ತರು. ಉರಿಯೇ ಅದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ನಮ್ಮ ಕಡೆಯ ಎಷ್ಟು ಮಂದಿಗೆ ಅವರಾರೆಂದು ತಿಳಿದಿದೆಯೋ! ಮರುತ್ ಜ್ವಾಲೆಯಿಲ್ಲದೆಯೇ 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿತು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ಸಿಗೆ ಪುನರ್ದಹನವುಂಟು. ಆದರೆ ಎಂಜಿನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯದು. ತೇಜಸ್ಸಿಗಾಗಿಯೇ ಬೆಂಗಳೂರಿನಲ್ಲಿ ಕೈಗೊಂಡ 'ಕಾವೇರಿ' ಎಂಜಿನು ಬೇಕಾದಷ್ಟು ಬಲವನ್ನು ಕೊಡಲಾರದೆ 2008ರಲ್ಲಿ ಅದರಿಂದ ಬೇರ್ಪಟ್ಟಿತು. ಆದ್ದರಿಂದ ಬಣ್ಣವನ್ನು ನೋಡಿ ದೇಶವನ್ನು ಊಹಿಸುವುದೂ ಸಲ್ಲದು.

ಇಷ್ಟನ್ನೂ ಮರುದಿನವೇ ಆ ಬಾಲಕನಿಗೆ ಹೇಳಿ, ನನ್ನ ಮೊದಲ ಉತ್ತರ ತಪ್ಪೆಂದು ತರಗತಿಯ ಮುಂದೆ ಒಪ್ಪಿಕೊಂಡೆನು. ಅವನು ಕ್ಷಣಕಾಲ ಯೋಚಿಸಿ, "ಹಾಗಾದರೆ ಕಾವೇರಿಯ ಬೆಂಕಿ ಯಾವ ಬಣ್ಣ, ಸಾರ್?" ಎಂದನು. "ನೀನು ದೊಡ್ಡವನಾಗಿ ಎಣ್ಣೆಗೆ ಗಾಳಿಯನ್ನು ಹೇಗೆ ಬೆರೆಸುತ್ತೀಯೋ ಹಾಗೆ" ಎಂದೆನು.